ಬೆನ್ನ ಮೇಲಿನ ಸಲಿಕೆ

ಸ್ನೇಹಕ್ಕೆ ಕುರುಹುಗಳು ಹಲವು. ಕೊಟ್ಟ ಸಾಲವನ್ನು ಮರೆಯುವವನು ಸ್ನೇಹಿತ. ಹೇಳಿದ ಕಥೆಯನ್ನೇ ನಾಲ್ಕನೆಯ ಸಲ ಹೇಳಿದರೂ ನಗುವವನು ಸ್ನೇಹಿತ. ಕಾಶ್ಮೀರದ ಗುಲ್ಮಾರ್ಗದಲ್ಲಿ ಒಂದು ಶನಿವಾರ, ಭಾನುವಾರ ಕಳೆದು ಬಂದ ಮೇಲೆ, ಬೆನ್ನಿಗೆ ಸಲಿಕೆ ಕಟ್ಟಿಕೊಂಡು ಬರುವವನನ್ನೂ ನಾನು ಈ ಪಟ್ಟಿಗೆ ಸೇರಿಸಿದ್ದೇನೆ.

ನಾವು ನಾಲ್ವರು, ದೆಹಲಿಯ ಕಚೇರಿಗಳಿಂದ ತಪ್ಪಿಸಿಕೊಂಡು ಸ್ಕೀ ಆಡಲು ಹೋದವರು. ತಂತಿಯ ಮೇಲೆ ತೂಗುವ ತೊಟ್ಟಿಲು ಅಫರ್ವತ್ ಬೆಟ್ಟದಲ್ಲಿ 3,900 ಮೀಟರಿಗೂ ಎತ್ತರಕ್ಕೆ ನಮ್ಮನ್ನು ಒಯ್ದು ಇಳಿಸಿತು. ಅಲ್ಲಿಂದ ತುಸು ದೂರ ಸರಿದರೆ ಕಾವಲಿಲ್ಲ, ಗುರುತಿಲ್ಲ, ಹಾದಿಯೂ ಇಲ್ಲ. ಸ್ಕೀಗಳ ಅಡಿಗೆ ರೋಮದ ಪಟ್ಟಿ ಅಂಟಿಸಿಕೊಂಡು ಏರಬೇಕು. ರೋಮವೆಲ್ಲ ಹಿಂದಕ್ಕೆ ಬಾಗಿರುವುದರಿಂದ ಸ್ಕೀ ಮುಂದೆ ಜಾರುತ್ತದೆ, ಹಿಂದೆ ಜಾರದು. ಸಂಸಾರಿಗಳಿಗೂ ಇಂಥದೊಂದು ಪಟ್ಟಿ ಇದ್ದಿದ್ದರೆ!

ಹೊಸದಾಗಿ ಬಿದ್ದ ಒಣ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ. ಜರಡಿ ಹಿಡಿದ ಹಿಟ್ಟಿನಂಥ ಅದರಲ್ಲಿ ಇಳಿಯುವಾಗ ಸದ್ದಿಲ್ಲ, ನೆಲದ ನೆನಪೂ ಇಲ್ಲ. ಶನಿವಾರವಿಡೀ ಈ ಸುಖ.

ಆದರೆ ಅದೇ ಹಿಮ ಗಾಳಿಗೆ ಸಿಕ್ಕಿ, ಹಲಗೆಯಂತೆ ಬಿಗಿದು, ಸಡಿಲ ಪದರದ ಮೇಲೆ ಕುಳಿತರೆ, ಒಬ್ಬ ಮನುಷ್ಯನ ಭಾರಕ್ಕೆ ಇಡೀ ಇಳಿಜಾರು ಕಳಚೀತು. 2010ರ ಫೆಬ್ರವರಿಯಲ್ಲಿ ಇದೇ ಬೆಟ್ಟದ ಕೆಳಗಿನ ಖಿಲನ್‌ಮಾರ್ಗದಲ್ಲಿ, ತರಬೇತಿಯಲ್ಲಿದ್ದ ಯೋಧರನ್ನೇ ಹಿಮಕುಸಿತ ಬಲಿ ತೆಗೆದುಕೊಂಡಿತು. ಹೂತವನು ಬದುಕುವ ಆಸೆಯೆಲ್ಲ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ. ಊರಿನಿಂದ ನೆರವು ಬರುವಷ್ಟರಲ್ಲಿ ಆ ಹೊತ್ತು ಕಳೆದಿರುತ್ತದೆ. ಆದ್ದರಿಂದಲೇ ಪ್ರತಿಯೊಬ್ಬನ ಎದೆಗೆ ಸಂಕೇತ ಕಳಿಸುವ ಪುಟ್ಟ ರೇಡಿಯೋ. ಬೆನ್ನಿಗೆ ಹಿಮ ಚುಚ್ಚಿ ಹುಡುಕುವ ಕೋಲು ಮತ್ತು ಸಲಿಕೆ. ಯೋಚಿಸಿ ನೋಡಿ: ನಾನು ಹೂತುಹೋದರೆ ನನ್ನ ಸಲಿಕೆಯೂ ನನ್ನೊಡನೆ ಹೂತಿರುತ್ತದೆ. ನಾನು ಹೊತ್ತದ್ದು ಅವರಿಗಾಗಿ, ಅವರು ಹೊತ್ತದ್ದು ನನಗಾಗಿ. ಇಳಿಯುವುದೂ ಒಬ್ಬೊಬ್ಬರೇ; ಉಳಿದ ಮೂವರು ಕಣ್ಣು ಕೀಳದೆ ನೋಡುತ್ತಿರಬೇಕು.

ರಾತ್ರಿ ಗಾಳಿ ಬೀಸಿತು. ಭಾನುವಾರ ಬೆಳಿಗ್ಗೆ, ನಾವು ಬಯಸಿ ಬಂದಿದ್ದ ಇಳಿಜಾರಿನ ನೆತ್ತಿಯಲ್ಲಿ ನಿಂತೆವು. ಒಂದು ಗೆರೆಯೂ ಇಲ್ಲದೆ ಅದು ಬಿಸಿಲಿಗೆ ಹೊಳೆಯುತ್ತಿತ್ತು. ನಮ್ಮಲ್ಲಿ ಎಲ್ಲರಿಗಿಂತ ಮಾತು ಕಡಿಮೆಯಾದವನು ಕೋಲಿನಿಂದ ಹಿಮ ಚುಚ್ಚಿ ನೋಡಿ, ‘ಬೇಡ’ ಎಂದ. ಒಬ್ಬನ ‘ಬೇಡ’ ಮೂವರ ‘ಬೇಕು’ಗಿಂತ ದೊಡ್ಡದೆಂದು ಮೊದಲೇ ಒಪ್ಪಂದವಾಗಿತ್ತು. ಹಿಂದಿರುಗಿ, ಕೆಳಗಡೆ ಮರಗಳ ನಡುವಣ ಇಳುಕಲಿನಲ್ಲಿ ಆಡಿದೆವು.

ಆ ಇಳಿಜಾರು ಕುಸಿಯಿತೆ? ಇಲ್ಲ. ಸಂಜೆಯವರೆಗೂ ಬೆಳ್ಳಗೆ, ಏನೂ ಅರಿಯದಂತೆ ನಿಂತಿತ್ತು. ಆದರೂ ಅವನನ್ನು ಯಾರೂ ಹಂಗಿಸಲಿಲ್ಲ. ಬಿಸಿ ಕಹ್ವಾ ಬಂದಾಗ ಮೊದಲ ಬಟ್ಟಲು ಅವನಿಗೇ ಹೋಯಿತು.