ಸಂದರ್ಶನ

ಸಂದರ್ಶನವೆಂದರೆ ಚೆನ್ನಾಗಿ ನೋಡುವುದು ಎಂದು ತರಗತಿಯಲ್ಲಿ ಹುಡುಗರಿಗೆ ಪದ ಬಿಡಿಸಿ ಹೇಳಿದವನು ನಾನು. ಹೇಳುವುದು ಸುಲಭ. ಕಳೆದ ಬೇಸಗೆಯಲ್ಲಿ ಒಂದು ಕಾಲೇಜಿನವರು ಕನ್ನಡ ಉಪನ್ಯಾಸಕರ ಆಯ್ಕೆಗೆಂದು ನನ್ನನ್ನೂ ಕರೆದು ಮೇಜಿನ ಹಿಂದೆ ಕೂರಿಸಿದರು. ಆ ದಿನ ನಾನು ನೋಡಿದ್ದೆಷ್ಟು ಎಂಬುದನ್ನು ಓದುಗರ ಮುಂದೆ ಒಪ್ಪಿಸಿಬಿಡುತ್ತೇನೆ.

ಕೊನೆಗೆ ಉಳಿದವರು ಇಬ್ಬರು: ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರೂ ಎಂ.ಎ.; ಇಬ್ಬರ ಮನೆಯಲ್ಲೂ ಎರಡು ವರ್ಷದ ಮಗು. ಆಕೆ ಷಟ್ಪದಿಗಳ ಲಕ್ಷಣವನ್ನು ನೀರು ಕುಡಿದಷ್ಟು ಸುಲಭವಾಗಿ ಹೇಳಿದಳು. ಆತ ಭಾಮಿನಿಗೂ ವಾರ್ಧಕಕ್ಕೂ ನಡುವೆ ತಡವರಿಸಿದ.

"ಮಗುವನ್ನು ನೋಡಿಕೊಳ್ಳುವವರು ಯಾರಮ್ಮ?" ಎಂದು ಹಿರಿಯರೊಬ್ಬರು ಆಕೆಯನ್ನು ಕೇಳಿದರು, ವಾತ್ಸಲ್ಯದಿಂದಲೇ ಕೇಳಿದರು. ಆತನನ್ನು ಹಾಗೆ ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಅವರಿಬ್ಬರೂ ಹೋದ ಮೇಲೆ ನಮ್ಮೊಳಗೆ ಮಾತು ನಡೆಯಿತು. "ಆತ ಸಂಸಾರಸ್ಥ, ಕೆಲಸ ಬಿಟ್ಟು ಹೋಗಲಾರ." "ಆಕೆ ಸಂಸಾರಸ್ಥೆ, ರಜೆ ಹಾಕದೆ ಇರಲಾರಳು." ಅದೇ ವಯಸ್ಸಿನ ಕೂಸು, ತಂದೆಯ ತಕ್ಕಡಿಗೆ ತೂಕ, ತಾಯಿಯ ಬೆನ್ನಿಗೆ ಹೊರೆ! ನಾನು ತುಟಿ ಬಿಚ್ಚಲಿಲ್ಲ. ಹಾಳೆ ನನ್ನ ಬಳಿ ಬಂದಾಗ ಉಳಿದವರಂತೆ ಆತನ ಹೆಸರಿನ ಮುಂದೆ ರುಜು ಹಾಕಿದೆ.

ಈ ತರ್ಕ ಹಳೆಯದು. ಕೊಡಗಿನ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯಲ್ಲಿ ಹೆಂಗಸು ಮದುವೆಯಾಗಲು ಸರ್ಕಾರದ ಅನುಮತಿ ಬೇಕಿತ್ತು. ಆದ ಮೇಲೆ ಸಂಸಾರ ಕೆಲಸಕ್ಕೆ ಅಡ್ಡಿಯೆನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಸಂಸಾರ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕೆಲಸಕ್ಕೂ ಆಗಬಹುದಲ್ಲ ಎಂದು 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಎತ್ತಿ ತೋರಿಸಿದರು. ನಿಯಮ ಹೋಯಿತು, ತರ್ಕ ಮಾತ್ರ ನಮ್ಮ ಮೇಜಿನ ಸುತ್ತ ಕುಳಿತೇ ಇತ್ತು.

ಇಪ್ಪತ್ತು ವರ್ಷಗಳ ಕೆಳಗೆ ನಾನು ಕೆಲಸಕ್ಕೆ ಸೇರಿದಾಗ ನನ್ನ ಮಗಳಿಗೆ ಮೂರು ತಿಂಗಳು. "ಜವಾಬ್ದಾರಿ ಬಂದಿದೆ" ಎಂದು ಅಂದಿನ ಹಿರಿಯರು ತಲೆದೂಗಿದ್ದರು. ಆ ಹೊತ್ತಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮನೆಯಲ್ಲಿ ಕುಳಿತಿದ್ದವಳು, ಎಂ.ಎ.ಯಲ್ಲಿ ನನಗಿಂತ ಹೆಚ್ಚು ಅಂಕ ಪಡೆದವಳು.

ಸಂದರ್ಶನದ ಸಂಜೆ ಅವಳಿಗೆ ಇದನ್ನೆಲ್ಲ ಹೇಳಿದೆ. "ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂದು ಆತನನ್ನು ನೀವಾದರೂ ಕೇಳಬಹುದಿತ್ತು" ಎಂದು ಕಾಫಿಯ ಲೋಟ ನನ್ನ ಮುಂದಿಟ್ಟು ಒಳಗೆ ಹೋದಳು.