ಚಿಮ್ಮಡದಲ್ಲಿ ಒಂದು ಚಾತುರ್ಮಾಸ್ಯ

ಯತಿಗಳಿಗೆ ಚಾತುರ್ಮಾಸ್ಯವು ವಿಧಿವಿಹಿತವಾದುದು; ಗೃಹಸ್ಥರಿಗೆ ಅಂತಹ ನಿರ್ಬಂಧವೇನೂ ಇಲ್ಲ. ಆದರೂ ಅರುವತ್ತರ ಹೊಸ್ತಿಲಿನಲ್ಲಿ ನಿಂತಿರುವ ನಮಗೆ, ಸಹಧರ್ಮಿಣಿಯ ಉಸುರಿನ ನಿಮಿತ್ತವಾಗಿ, 2023ನೆಯ ಇಸವಿಯ ಮಳೆಗಾಲವನ್ನೆಲ್ಲ ಪರಸ್ಥಳದಲ್ಲಿ ಕಳೆಯುವ ಪ್ರಸಂಗವು ಒದಗಿ ಬಂದಿತು. ಉಬ್ಬಸದ ಬಾಧೆಯುಳ್ಳವರು ಒಬ್ಬರಾದರೂ ಇಲ್ಲದ ಮನೆ ನಮ್ಮ ಮಲೆನಾಡಿನಲ್ಲಿ ಅಪರೂಪ. ಆದುದರಿಂದ ನಮ್ಮ ಊರು ಹುಡುಕಾಟದ ವೃತ್ತಾಂತವು ಕೆಲವು ಸಂಸಾರವಂತರಿಗಾದರೂ ಉಪಯೋಗಕ್ಕೆ ಬಂದೀತೆಂದು ಇದನ್ನು ಬರೆಯಲುಜ್ಜುಗಿಸಿರುವೆವು.

ನಮ್ಮದು ಶಿರಸಿಯ ಸೀಮೆ. ವರ್ಷಕ್ಕೆ ಸುಮಾರು 2,500 ಮಿಲಿಮೀಟರು ಮಳೆ ಬೀಳುವ ಪ್ರದೇಶ. ಆಷಾಢದಲ್ಲಿ ಗೋಡೆಯೇ ಬೆವರುವದು. ಪೆಟ್ಟಿಗೆಯೊಳಗಿನ ಪಟ್ಟೆಮಡಿಗೂ ಬೂಷ್ಟು ಹಿಡಿಯುವದು. ನಾವು ಜೀವಮಾನವೆಲ್ಲ ಜೋಪಾನ ಮಾಡಿದ ವ್ಯಾಕರಣಗ್ರಂಥಗಳನ್ನು ಒಲೆಯ ಮೇಲಣ ಅಟ್ಟದಲ್ಲಿರಿಸಿ ಹೊಗೆ ತಾಗಿಸಬೇಕಾಗುವದು. ಈ ಹವೆಯಲ್ಲಿ ನಮ್ಮ ಮನೆಯವರ ಉಬ್ಬಸವು ವರ್ಷದಿಂದ ವರ್ಷಕ್ಕೆ ಬಲಿಯುತ್ತ ಬಂದು, ಅದರ ಹಿಂದಿನ ಮಳೆಗಾಲದಲ್ಲಿ ಎಷ್ಟೋ ರಾತ್ರಿಗಳನ್ನು ಅವರು ಗೋಡೆಗೆ ದಿಂಬು ಆನಿಸಿಕೊಂಡು ಕುಳಿತೇ ಕಳೆದರು. ಪಕ್ಕದಲ್ಲಿ ಎಚ್ಚತ್ತು ಕುಳಿತಿರುವದೊಂದನ್ನು ಬಿಟ್ಟರೆ ನಮ್ಮ ಕೈಯಿಂದ ಬೇರೇನೂ ಆಗುತ್ತಿರಲಿಲ್ಲ.

ವೈದ್ಯರು ನಮ್ಮ ತಪ್ಪು ತಿಳಿವಳಿಕೆಯನ್ನು ಮೊದಲೇ ತಿದ್ದಿದರು. ಊರು ಬದಲಿಸಿದ ಮಾತ್ರಕ್ಕೆ ಉಬ್ಬಸವು ಗುಣವಾಗುವದಿಲ್ಲವೆಂದೂ, ಸೇದುವ ಔಷಧವನ್ನು, ಅಂದರೆ ಇನ್ಹೇಲರನ್ನು, ಯಾವ ಊರಿಗೆ ಹೋದರೂ ಒಂದು ದಿನವೂ ತಪ್ಪಿಸಕೂಡದೆಂದೂ, ಆದರೆ ಒದ್ದೆ ಮನೆಯ ಬೂಷ್ಟಿನಿಂದಲೂ ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಕೀಟಗಳಿಂದಲೂ ಇವರ ರೋಗವು ಕೆರಳುತ್ತಿರುವದರಿಂದ ಒಣಹವೆಯು ಉಪಕಾರ ಮಾಡಬಹುದೆಂದೂ ಹೇಳಿದರು. ಆ ಕೀಟಗಳು ಗಾಳಿಯ ತೇವವನ್ನೇ ಹೀರಿ ಬದುಕುವವಂತೆ. ಆರ್ದ್ರತೆಯು ನೂರಕ್ಕೆ ಐವತ್ತಕ್ಕಿಂತ ಕೆಳಗೆ ಬಹುಕಾಲ ನಿಂತರೆ ಒಣಗಿ ಸಾಯುವವಂತೆ.

ಇದನ್ನು ಕೇಳುತ್ತಿರುವಾಗ ನಮಗೆ ಚರಕಸಂಹಿತೆಯ ನೆನಪಾಯಿತು. ತಮಕಶ್ವಾಸವು ಮೋಡ, ನೀರು, ಚಳಿ, ಮೂಡಣ ಗಾಳಿಗಳಿಂದ ಹೆಚ್ಚುವದೆಂದು ಚಿಕಿತ್ಸಾಸ್ಥಾನದಲ್ಲಿ ಹೇಳಿದೆ. ಕಲ್ಪಸ್ಥಾನದಲ್ಲಿಯಾದರೋ ದೇಶವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ಜಾಂಗಲ, ಆನೂಪ, ಸಾಧಾರಣ. ತೆಂಗು ಬಾಳೆಗಳ ದಟ್ಟವಾದ ತೋಟ, ತಂಗಾಳಿ, ಸುಕುಮಾರ ಶರೀರದ ಜನ, ಕಫವಾತಗಳ ಪ್ರಾಬಲ್ಯ, ಇವು ಆನೂಪದ ಲಕ್ಷಣಗಳು. ನಮ್ಮ ಹಿತ್ತಿಲನ್ನು ನೋಡಿಯೇ ಬರೆದಂತಿದೆ. ಬಯಲಾದ ಆಕಾಶ, ಒಣಗಾಳಿ, ಶಮೀ ಖದಿರ ಬದರಿಗಳಂತಹ ಮರಗಳು, ತಿತ್ತಿರಿ ಲಾವಕ ಪಕ್ಷಿಗಳು, ಗಟ್ಟಿಮುಟ್ಟಾದ ಜನ, ಇವು ಜಾಂಗಲದ ಲಕ್ಷಣಗಳು. ಜಾಂಗಲವೆಂದರೆ ಕಾಡೆಂದು ಈಗಿನವರು ತಿಳಿಯುವರು. ಪಾಠಶಾಲೆಯಲ್ಲಿ ಈ ತಪ್ಪನ್ನು ತಿದ್ದಿ ತಿದ್ದಿ ನಾವು ಬೇಸತ್ತಿದ್ದೆವು. ಈಗ ನಾವೇ ಜಾಂಗಲ ದೇಶವನ್ನು ಅರಸಿಕೊಂಡು ಹೊರಡಬೇಕಾಯಿತು.

ಮಗನು, ಮರುಭೂಮಿಯೇ ಬೇಕಾದರೆ ಜೋಧಪುರಕ್ಕೇ ಹೋಗಿಬಿಡಿರೆಂದು ಹೇಳಿದನು. ನಾವು ಒಲ್ಲೆವೆಂದೆವು. ರೋಗಿಯಾದವರು ನಟ್ಟಿರುಳಿನಲ್ಲಿ ನೆರೆಯವರ ಕದ ತಟ್ಟಿ ತಮ್ಮ ಸಂಕಟವನ್ನು ತಮ್ಮ ಮಾತಿನಲ್ಲಿ ಹೇಳುವಂತಿರಬೇಕು. ಇದು ಗಾಳಿಯಷ್ಟೇ ಮುಖ್ಯವಾದ ಸಂಗತಿ. ಹವೆಗಾಗಿ ಊರು ಬಿಡುವ ಪದ್ಧತಿಯೇನೋ ಹೊಸದಲ್ಲ. ಅಮೇರಿಕದ ಅರಿಝೋನಾ ಪ್ರಾಂತದ ಟೂಸಾನ್ ಪಟ್ಟಣದ ಹೊರಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಷಯರೋಗಿಗಳ ಡೇರೆಗಳದೇ ಒಂದು ಊರು ಎದ್ದಿದ್ದಿತು. ನಮ್ಮ ಮಗ್ಗುಲಿನ ಮಿರಜಿನಲ್ಲಿ 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು ಆಸ್ಪತ್ರೆಯನ್ನು ತೆರೆದರು. ಮುಂದೆ ಅವರ ಹೆಸರಿನ ವಾನ್ಲೆಸ್‌ವಾಡಿಯಲ್ಲಿ ಕ್ಷಯದವರಿಗಾಗಿ ಆರೋಗ್ಯಧಾಮವೂ ಆಯಿತು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಔಷಧವು ಕಂಡುಹಿಡಿಯಲ್ಪಟ್ಟ ತರುವಾಯ ಕ್ಷಯಕ್ಕೆ ಗಾಳಿಯ ಚಿಕಿತ್ಸೆ ಬೇಡವಾಯಿತು. ಉಬ್ಬಸದವರಿಗೆ ಮಾತ್ರ ಆ ಆಸೆ ಉಳಿದುಕೊಂಡಿತು.

ಹೀಗೆ ಕನ್ನಡನಾಡಿನ ಒಳಗೇ ನೋಡಬೇಕೆಂದು ನಿಶ್ಚಯಿಸಿ, ಆ ವರುಷದ ಮಾಘಮಾಸದಲ್ಲಿ ನಾವೊಬ್ಬರೇ ಬಾಗಿಲುಕೋಟೆ ಜಿಲ್ಲೆಯ ಕಡೆಗೆ ಹೊರಟೆವು. ಸಹ್ಯಾದ್ರಿಯ ಮಳೆಯ ನೆರಳಿನಲ್ಲಿರುವ ಆ ನಾಡಿಗೆ ವರ್ಷಕ್ಕೆ 500ರಿಂದ 600 ಮಿಲಿಮೀಟರು ಮಳೆ. ನಮ್ಮಲ್ಲಿ ಕೆಲವೊಮ್ಮೆ ಹದಿನೈದೇ ದಿನಗಳಲ್ಲಿ ಸುರಿದುಹೋಗುವಷ್ಟು. ಬೇಸಗೆಯ ಬಿಸಿಲು ಉಗ್ರವೆಂಬುದು ನಿಜ. ನಮಗಾದರೋ ಬೇಕಾದುದು ಜ್ಯೇಷ್ಠದಿಂದ ಆಶ್ವೀಜದವರೆಗಿನ ವಸತಿ.

ಮುಧೋಳವು ರನ್ನ ಕವಿಯ ಊರೆಂಬ ಅಭಿಮಾನದಿಂದ ಅಲ್ಲಿಯೇ ಮೊದಲು ಇಳಿದೆವು. ಘೋರ್ಪಡೆಯವರ ಸಂಸ್ಥಾನವಿದ್ದ ಸ್ಥಳ. ಆ ಸೀಮೆಯ ಸಣ್ಣನಡುವಿನ ಬೇಟೆನಾಯಿಯ ಚಿತ್ರವು 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿದೆ. ಊರು ಚೆನ್ನಾಗಿದ್ದರೂ ಪೇಟೆಯ ಗದ್ದಲವು ನಮಗೆ ಒಗ್ಗಲಿಲ್ಲ. ಜಮಖಂಡಿಯು ಪಟವರ್ಧನರ ರಾಜಧಾನಿ. 1948ರಲ್ಲಿ ಸಂಸ್ಥಾನವು ವಿಲೀನವಾಗುವವರೆಗೆ ಅರಸರಿದ್ದ ಊರಾದುದರಿಂದ ಅದಕ್ಕೊಂದು ಘನತೆ ಇದೆ. ರಬಕವಿ ಬನಹಟ್ಟಿಗಳಲ್ಲಿ ಮಗ್ಗಗಳ ಸದ್ದು ಕೇಳಲು ಹಿತವಾಗಿದ್ದಿತು. ಆದರೆ ಗಾಳಿಯಲ್ಲಿ ಹಾರುವ ನೂಲಿನ ಎಳೆಗಳನ್ನು ಬಿಸಿಲಕೋಲಿನಲ್ಲಿ ಕಂಡು ಹಿಂದೆಗೆದೆವು.

ಈ ಪ್ರವಾಸದಲ್ಲಿ ನಮ್ಮನ್ನು ಬೆರಗುಗೊಳಿಸಿದ್ದು ಕಬ್ಬು. ನಾವು ಮನಸ್ಸಿನಲ್ಲಿ ಕಲ್ಪಿಸಿಕೊಂಡಿದ್ದ ಒಣನಾಡು ಎಲ್ಲಿ? ಕೃಷ್ಣೆ ಘಟಪ್ರಭೆಗಳ ನಡುವೆ ಎತ್ತ ನೋಡಿದರೂ ಹಸುರು! ಇದರ ಹಿಂದಿನ ಕಥೆಯು ಹೇಳತಕ್ಕಂತಹದು. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸರಕಾರದ ದಾರಿ ನೋಡದೆ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ತಮ್ಮದೇ ಹಣವನ್ನೂ ದುಡಿಮೆಯನ್ನೂ ಕೂಡಿಸಿ 1989ರಲ್ಲಿ ಕೃಷ್ಣೆಗೆ ಅಡ್ಡಕಟ್ಟು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರು. ಅವರನ್ನು ಜನರು ಬ್ಯಾರೇಜ್ ಸಿದ್ದು ಎಂದೇ ಕರೆದರು. 1991ರಲ್ಲಿ ಅವರು ರಾಮಕೃಷ್ಣ ಹೆಗಡೆಯಂತಹವರನ್ನು ಸೋಲಿಸಿ ಲೋಕಸಭೆಗೆ ಹೋದರು. 2018ರಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಬೆವರಿನಿಂದ ಬಂದ ಆ ನೀರು ಎಷ್ಟೋ ಮನೆಗಳಿಗೆ ಅನ್ನವಾಯಿತು; ನಮ್ಮಂತಹ ಹವೆಯ ಭಿಕ್ಷುಕರಿಗೆ ಮಾತ್ರ ಜಾಂಗಲವು ಆನೂಪವಾಗುತ್ತ ನಡೆದಂತೆ ತೋರಿತು. ಟೂಸಾನಿನಲ್ಲಿಯೂ ಹೀಗೆಯೇ ಆಯಿತಂತೆ. ಒಣಹವೆಗೆಂದು ಬಂದವರು ತಮ್ಮ ತವರಿನ ನೆರಳನ್ನು ನೆನೆದು ಹಿಪ್ಪುನೇರಳೆ ಆಲಿವ್ ಮರಗಳನ್ನು ನೆಟ್ಟು, ಅವುಗಳ ಪರಾಗದಿಂದಲೇ ಸೀನತೊಡಗಲು, 1980ರ ದಶಕದಲ್ಲಿ ಆ ಗಿಡಗಳ ಮಾರಾಟವನ್ನೇ ಅಲ್ಲಿ ನಿಷೇಧಿಸಬೇಕಾಯಿತು. ಆದರೆ ನೆರಳಿಗಾಗಿ ನೆಟ್ಟ ಮರ ಬೇರೆ, ಹೊಟ್ಟೆಗಾಗಿ ತಂದ ನೀರು ಬೇರೆ.

ಒಂದು ಪೇಟೆಯಲ್ಲಿ ಎಲ್ಲ ವಿಧದಿಂದಲೂ ಅನುಕೂಲವೆನಿಸಿದ ಮನೆಗೆ ಮುಂಗಡವನ್ನು ಕೊಟ್ಟು ಅಂದಿನ ರಾತ್ರಿ ಅಲ್ಲಿಯೇ ಮಲಗಿದೆವು. ನಸುಕಿನಲ್ಲಿ ಕಣ್ಣುರಿದು ಎಚ್ಚರವಾಯಿತು. ಹಿತ್ತಿಲ ಗೋಡೆಯಾಚೆ ಆಲೆಮನೆ! ಕಬ್ಬಿನ ಸಿಪ್ಪೆಯ ಹೊಗೆಯು ಕೋಣೆಯನ್ನೆಲ್ಲ ತುಂಬಿತ್ತು. ಅದರಾಚೆ ಕಟಾವಾದ ಹೊಲದಲ್ಲಿ ರವದಿಗೆ ಇಟ್ಟ ಬೆಂಕಿ. ಹಗಲು ಮನೆಯನ್ನು ತೋರಿಸಿದವರು ಇದನ್ನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಮುಂಗಡವು ಹೋಯಿತು. ಓದುಗರಲ್ಲಿ ಯಾರಾದರೂ ಹವೆಗಾಗಿ ಮನೆ ಹುಡುಕುವವರಿದ್ದರೆ ಅಲ್ಲಿ ಒಂದು ರಾತ್ರಿ ಮಲಗಿ ಎದ್ದ ಮೇಲೆಯೇ ಹಣವನ್ನು ಕೊಡತಕ್ಕದ್ದು.

ಚಿಮ್ಮಡದ ಹೆಸರನ್ನು ನಮಗೆ ಹೇಳಿದವನು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಒಬ್ಬ ಮುದುಕ. “ಪ್ಯಾಟಿ ಯಾಕ್ರೀ, ನಮ್ಮ ಊರಾಗ ಇರ್ರಿ; ಊಟಕ್ಕ ಬಡತನ ಇಲ್ಲ, ಗಾಳಿಗಂತೂ ಇಲ್ಲೇ ಇಲ್ಲ” ಎಂದನು. ಇಂದು ರಬಕವಿ ಬನಹಟ್ಟಿ ತಾಲೂಕಿಗೆ ಸೇರಿದ ಊರು. ಕಿಚಡಿಯ ಪ್ರಸಾದಕ್ಕೆ ಹೆಸರಾದ ಪ್ರಭುಲಿಂಗೇಶ್ವರನ ಜಾತ್ರೆಯನ್ನು ಆತನು ಎಷ್ಟು ರುಚಿಕಟ್ಟಾಗಿ ವರ್ಣಿಸಿದನೆಂದರೆ ನಾವು ಚೀಟಿ ತೆಗೆಸಿದ ಊರನ್ನು ಬಿಟ್ಟು ಅವನೊಡನೆಯೇ ಇಳಿದೆವು. ಊರ ಹೊರಬದಿಗೆ, ಕಬ್ಬಿನಿಂದ ದೂರವಾಗಿ, ಜೋಳದ ಹೊಲಕ್ಕೆ ಮುಖಮಾಡಿದ ಮಾಳಿಗೆಯ ಮನೆಯೊಂದು ದೊರೆಯಿತು. ಎರಡು ಮೊಳ ದಪ್ಪದ ಮಣ್ಣುಗೋಡೆ, ಮೇಲೆ ಮೇಲ್ಮುದ್ದೆ. ಅಂಗಳದಾಚೆ ಒಂದು ಬನ್ನಿಯ ಮರ. ಬನ್ನಿ ಎಂದರೆ ಶಮೀವೃಕ್ಷವಷ್ಟೆ. ಚರಕರ ಸಾಕ್ಷಿಯು ಮನೆಯ ಮುಂದೆಯೇ ನಿಂತಿದ್ದಿತು. ಈ ಸಲ ಎರಡು ರಾತ್ರಿ ಮಲಗಿ ನೋಡಿದೆವು.

ಜೂನಿನಲ್ಲಿ, ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ, ಹುಬ್ಬಳ್ಳಿ ನರಗುಂದಗಳ ಮಾರ್ಗವಾಗಿ ಸಂಸಾರಸಮೇತರಾಗಿ ಬಂದೆವು. ಹೊಸ ಹತ್ತಿಯ ಹಾಸಿಗೆಯನ್ನು ವಾರಕ್ಕೆರಡು ಸಲ ಬಿಸಿಲಿಗೆ ಹಾಕುವೆವು. ಔಷಧವನ್ನು ಗಡಿಯಾರ ನೋಡಿ ಕೊಡುವೆವು. ಮಳೆಗಾಲದಲ್ಲಿ ಅಲ್ಲಿಯೂ ಮೋಡವಿರುವದು, ತೇವವಿರುವದು. ಆದರೆ ಬಯಲಿನ ಗಾಳಿಯು ಒದ್ದೆಯನ್ನು ನಿಲ್ಲಗೊಡದು. ತೊಳೆದ ಸೀರೆಯು ಮಧ್ಯಾಹ್ನದೊಳಗೆ ಗರಿಗರಿಯಾಗಿ ಒಣಗಿದ್ದನ್ನು ಮನೆಯವರು ಮಡಚದೆ ಕೆನ್ನೆಗೆ ಒತ್ತಿಕೊಂಡು ನಿಂತುದನ್ನು ನಾವು ಮೊದಲನೆಯ ವಾರದಲ್ಲಿಯೇ ಕಂಡೆವು. ಮೂರನೆಯ ವಾರದಲ್ಲಿ ಅವರು ಚಪ್ಪಟೆಯಾಗಿ ಮಲಗಿ ಬೆಳಗಿನವರೆಗೆ ನಿದ್ರಿಸಿದರು. ನಾವು ಅಭ್ಯಾಸಬಲದಿಂದ ಎರಡು ಗಂಟೆಗೆ ಎದ್ದು ಕುಳಿತು, ಏನೂ ಸದ್ದಿಲ್ಲದುದಕ್ಕೆ ಹೆದರಿ, ದೀಪ ಹಚ್ಚಿ ನೋಡಿದೆವು.

ಊರಿನ ನಡೆ ನಿಧಾನವಾದುದು. ಕಟ್ಟೆಯ ಮೇಲೆ ಕುಳಿತವರು ಒಂದು ಪ್ರಶ್ನೆಗೆ ಉತ್ತರವನ್ನು ಎಲೆಯಡಿಕೆ ಮುಗಿದ ಮೇಲೆ ಕೊಡುವರು. ನಾವು ಎಲ್ಲಿಯವರು, ಹೊಲವೆಷ್ಟು, ಮಕ್ಕಳೆಷ್ಟು ಎಂದು ಎರಡು ದಿನಗಳಲ್ಲಿ ತಿಳಿದುಕೊಂಡು, ಬಳಿಕ ನಮ್ಮನ್ನು “ಮಾಸ್ತರ” ಎಂದು ಕರೆದು ಸುಮ್ಮನಾದರು. ಅನ್ನವನ್ನುಂಡು ಬೆಳೆದ ನಮಗೆ ಬಿಳಿಜೋಳದ ರೊಟ್ಟಿಯು ಮೊದಲಿಗೆ ಬಾಯಿಗೆ ಭಾರವಾಯಿತು; ಶೇಂಗಾ ಚಟ್ನಿಯೂ ಗುರೆಳ್ಳಿನ ಹಿಂಡಿಯೂ ಕ್ರಮೇಣ ಅದನ್ನು ಹಗುರ ಮಾಡಿದವು. ನೀರು ಮಾತ್ರ ಸವಳು. ಬೇಳೆ ಬೇಯಲು ತಡಮಾಡುವದು. ಕುಡಿಯುವದಕ್ಕೆ ಶುದ್ಧ ನೀರಿನ ಕ್ಯಾನನ್ನು ತರಿಸುತ್ತಿದ್ದೆವು.

ಆ ವರುಷ ಅಧಿಕ ಶ್ರಾವಣ. ನಮ್ಮ ಚಾತುರ್ಮಾಸ್ಯವು ಒಂದು ತಿಂಗಳು ಬೆಳೆಯಿತು. ಮಳೆಯಾದರೋ ಬೆಳೆಯಲಿಲ್ಲ. 1901ರಿಂದೀಚೆಗೆ ಭಾರತದಲ್ಲಿಯೇ ಅಷ್ಟು ಒಣಗಿದ ಆಗಸ್ಟು ತಿಂಗಳು ಮತ್ತೊಂದು ದಾಖಲೆಯಾಗಿಲ್ಲ; ಸೆಪ್ಟೆಂಬರಿನಲ್ಲಿ ಸರಕಾರವು ರಾಜ್ಯದ 195 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು. ನಾಗರಪಂಚಮಿಗೆ ಮಕ್ಕಳು ಜೋಕಾಲಿ ಆಡಿದರು, ಮನೆಮನೆಯಿಂದ ಉಂಡಿ ಬಂದವು. ಆದರೆ ಹಿರಿಯರ ಕಣ್ಣು ಪಡುವಣ ದಿಕ್ಕಿನಲ್ಲಿ. ನಮ್ಮ ಮನೆಯೊಡೆಯನ ಮಳೆಯಾಶ್ರಯದ ಹೊಲದಲ್ಲಿ ಹೆಸರು ಒಣಗಿಹೋಯಿತು. ಆತನು ಬೆಳಗ್ಗೆ ಬಂದು, “ತಾಯಿ ಉಸುರು ಹೆಂಗೈತ್ರಿ ಮಾಸ್ತರ?” ಎಂದು ಕೇಳುವನು. “ಬಹಳ ಚೆನ್ನಾಗಿದೆ” ಎಂದು ಹೇಳಲು ನಮಗೆ ನಾಲಗೆ ಏಳುತ್ತಿರಲಿಲ್ಲ. ಯಾವ ಆಕಾಶವು ಅವನ ಹೊಲವನ್ನು ಸುಟ್ಟಿತೋ ಅದೇ ಆಕಾಶವು ನಮ್ಮವರನ್ನು ಮಲಗಿಸುತ್ತಿದ್ದಿತು. ಅವನೇನೂ ಹಾಗೆ ಎಣಿಸುತ್ತಿರಲಿಲ್ಲ; ಎಣಿಸುತ್ತಿದ್ದವರು ನಾವು.

ಗಣೇಶಚೌತಿಯು ಕಳೆದು ನಾಲ್ಕಾರು ದಿನಗಳಾಗಿದ್ದವು. ನಡುರಾತ್ರಿಯಲ್ಲಿ ಗುಡುಗು ಮಿಂಚುಗಳೊಡನೆ ಮಳೆ ಹುಯ್ಯಿತು. ಮೇಲ್ಮುದ್ದೆಯ ಬಿರುಕಿನಿಂದ ನೀರಿಳಿದು ಹಾಸಿಗೆ ತೊಯ್ದಿತು. ಒಮ್ಮೆಲೆ ಎದ್ದ ಮಣ್ಣಿನ ವಾಸನೆ, ಚಳಿಗಾಳಿ. ಮನೆಯವರಿಗೆ ಉಸುರು ಸಿಕ್ಕಿಕೊಂಡಿತು. ಸೇದುವ ಔಷಧವನ್ನು ವೈದ್ಯರು ಬರೆದುಕೊಟ್ಟ ಕ್ರಮದಲ್ಲಿ ಕೊಟ್ಟೆವು. ಕಾಲು ಗಂಟೆಯಾದರೂ ಹತೋಟಿಗೆ ಬರಲಿಲ್ಲ. ತುಟಿಯ ಬಣ್ಣವು ತಿರುಗುತ್ತಿರುವದನ್ನು ಕಂಡು ನಾವು ಅಂಗಳಕ್ಕೆ ಓಡಿದೆವು. ಅಲ್ಲಿ ಊರಿಗೆ ಊರೇ ಎದ್ದಿದ್ದಿತು! ಹುಡುಗರು ಬೀದಿಯಲ್ಲಿ ನೆನೆಯುತ್ತ ಕೂಗುತ್ತಿದ್ದರು. ನಮ್ಮ ಮನೆಯೊಡೆಯನು ಮೈಮೇಲೆ ಬಟ್ಟೆಯಿಲ್ಲದೆ ಮಳೆಯಲ್ಲಿ ನಿಂತು ಎರಡು ಕೈಗಳನ್ನೂ ಮೇಲೆತ್ತಿದ್ದನು. ನಮ್ಮ ಮುಖವನ್ನು ಕಂಡವನೇ ಏನೊಂದನ್ನೂ ಕೇಳದೆ ಅಣ್ಣನ ಮಗನ ಜೀಪನ್ನು ತರಿಸಿ, ತನ್ನ ಹೆಂಡತಿಯನ್ನೂ ಕೂರಿಸಿಕೊಂಡು, ಅರ್ಧ ಗಂಟೆಯೊಳಗೆ ಸಮೀಪದ ಪೇಟೆಯ ಆಸ್ಪತ್ರೆಗೆ ಮುಟ್ಟಿಸಿದನು. ಅಲ್ಲಿ ಆಮ್ಲಜನಕವನ್ನೂ ಹಬೆಯ ಔಷಧವನ್ನೂ ಕೊಟ್ಟರು. ಬೆಳಕು ಹರಿಯುವಷ್ಟರಲ್ಲಿ ಮನೆಯವರು ಮಾತಾಡಿದರು. ಅವರ ಮೊದಲನೆಯ ಮಾತು, “ಮಳೆ ನಿಂತಿತೇನು?” ಎಂಬುದು. ಮನೆಯೊಡೆಯನು ತಾನೇ ತಪ್ಪು ಮಾಡಿದವನಂತೆ, “ನಿಂತೈತ್ರಿ ತಾಯಿ” ಎಂದನು. ನಿಂತಿರಲಿಲ್ಲ, ಕಿಟಕಿಯ ಹೊರಗೆ ಸಣ್ಣಗೆ ಹನಿಯುತ್ತಲೇ ಇದ್ದಿತು. “ನಿಲ್ಲುವದು ಬೇಡ, ಇನ್ನೂ ಎರಡು ದಿನ ಬರಲಿ” ಎಂದು ಹೇಳಿ ಅವರು ಕಣ್ಣು ಮುಚ್ಚಿದರು.

ಆ ಮಳೆಯು ಎರಡು ದಿನ ಬಂದಿತು. ಹಿಂಗಾರಿಯ ಜೋಳಕ್ಕೆ ಅಷ್ಟರಿಂದ ಸಾಲದೆಂದು ಕಟ್ಟೆಯವರು ಹೇಳಿದರು. ಮೇಲ್ಮುದ್ದೆಗೆ ಹೊಸ ಮಣ್ಣನ್ನು ಏರಿಸಲು ನಾವೂ ಬುಟ್ಟಿ ಹೊತ್ತೆವು. ತಿರುಗಿ ಅಂತಹ ರಾತ್ರಿಯು ಬರಲಿಲ್ಲ. ವಿಜಯದಶಮಿಯ ಸಂಜೆ ಅಂಗಳದ ಬನ್ನಿಯ ಎಲೆಗಳನ್ನು ಕೈಗೆ ಕೊಟ್ಟು ಬಂಗಾರವೆಂದು ಹೇಳಿ ಕಾಲುಮುಟ್ಟಲು ಮನೆಗೆ ಬಂದ ಮಕ್ಕಳನ್ನು ಲೆಕ್ಕ ಹಾಕಿ ಮನೆಯವರು ಉಂಡಿ ಕಟ್ಟಿದ್ದರು; ಸಾಲದೆ ಬಂದು ಮತ್ತೆ ಬೆಲ್ಲ ತರಿಸಬೇಕಾಯಿತು.

ದೀಪಾವಳಿಗೆ ಮುಂಚೆ ಶಿರಸಿಗೆ ಮರಳಿದೆವು. ಬಾಡಿಗೆಯ ಲೆಕ್ಕವನ್ನು ತೀರಿಸಿ ಬೀಗದ ಕೈಯನ್ನು ಒಪ್ಪಿಸಹೋದಾಗ ಮನೆಯೊಡೆಯನು, “ಇರ್ಲಿ ತಗೋರಿ, ಮಿರ್ಗಕ್ಕ ಮತ್ತ ಬರ್ತೀರಲ್ಲ” ಎಂದು ಅದನ್ನು ಹಿಂದಕ್ಕೆ ಕೊಟ್ಟನು. ಆ ಕೈಯು ಈಗ ನಮ್ಮ ದೇವರಕೋಣೆಯ ಗೂಟಕ್ಕೆ ತೂಗುತ್ತಿದೆ. ವಾರಕ್ಕೊಮ್ಮೆ ಎಣ್ಣೆ ಸವರಿ ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತಿದ್ದೇವೆ.