ಭೇಡಾಘಾಟದ ಹುಣ್ಣಿಮೆ

ಪ್ರಿಯ ಶಿಷ್ಯರೇ, ಪಶ್ಚಿಮಕ್ಕೆ ಹರಿಯುವ ನರ್ಮದೆಯನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಎಳೆದೆನೋ! ಜಬಲ್ಪುರದ ಬಳಿಯ ಅಮೃತಶಿಲೆಯ ಕಣಿವೆಯನ್ನು ವರ್ಣಿಸುತ್ತಿದ್ದಾಗ ನಿಮ್ಮಲ್ಲೊಬ್ಬ, “ನೀವು ನೋಡಿದ್ದೀರಾ ಸಾರ್?” ಎಂದು ಕೇಳಿದ್ದ. “ನೋಡಿದ್ದೇನೆ” ಎಂದುಬಿಟ್ಟೆ. ಅದು ಸುಳ್ಳು.

ನಿವೃತ್ತಿಯ ತರುವಾಯ, 2011ರ ಕಾರ್ತಿಕ ಹುಣ್ಣಿಮೆಗೆ ಭೇಡಾಘಾಟಕ್ಕೆ ಹೋದೆ. ಜಾತ್ರೆಯ ಜನಸಂದಣಿ; ಮಿಂದ ಹೆಂಗಸರು ‘ನರ್ಮದಾ ಮೈಯಾ’ ಎನ್ನುತ್ತ ಎಲೆಯ ದೊನ್ನೆಗಳಲ್ಲಿ ದೀಪ ತೇಲಿಬಿಡುತ್ತಿದ್ದರು. ಧುಆಂಧಾರ್ ಜಲಪಾತದಲ್ಲಿ ಭೋರ್ಗರೆದು ಧುಮುಕಿದ ನದಿ, ಮುಂದೆ ಸುಮಾರು ನೂರಡಿ ಎತ್ತರದ ಬಂಡೆಗಳ ನಡುವೆ ಸದ್ದಡಗಿ ಸಾಗುತ್ತದೆ. ಹಾಲಿನಂತೆ ಬಿಳುಪು ಎಂದು ನಾನು ಕಲಿಸಿದ್ದೆನಲ್ಲ, ಹಗಲಿನಲ್ಲಿ ನೋಡಿದರೆ ಬೂದು, ನಸುಗೆಂಪಿನ ಎಳೆಗಳೂ ಉಂಟು. ಚಂದ್ರ ಮೇಲೇರಿದಾಗ ಮಾತ್ರ ಎಲ್ಲವೂ ಬಿಳಿ.

ನಾನೂ ಒಂದು ದೀಪ ಕೊಂಡೆ. ಪ್ರಶ್ನೆ ಕೇಳಿದ ಹುಡುಗನ ಹೆಸರು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಇದನ್ನು ಓದಿದರೆ ಅವನು ಪತ್ರ ಬರೆಯಲಿ.